ಎಕರೆ, ಗುಂಟೆ ಮತ್ತು ‘ಒಪ್ಪುವುದಿಲ್ಲ’ ಎಂಬ ಗುಂಡಿ

(ಜಿಲ್ಲಾ ಕೇಂದ್ರವೊಂದರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಗಳಿಗಾಗಿ, ಸಿಸ್ಟಮ್ಸ್ ಅನಲಿಸ್ಟ್ ಎಂಬ ವೃತ್ತಿಯ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಘದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಕೊನೆಯ ಪ್ರಶ್ನೋತ್ತರದಲ್ಲಿ ಎರಡನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಒಂದು ಕೂಡುವ ಲೆಕ್ಕದಿಂದ ಶುರು ಮಾಡುತ್ತೇನೆ. ಅಣ್ಣನ ಪಹಣಿಯಲ್ಲಿ 1.20 ಎಂದಿದೆ, ತಮ್ಮನ ಪಹಣಿಯಲ್ಲೂ 1.20 ಎಂದಿದೆ. ಇಬ್ಬರದೂ ಸೇರಿ ಎಷ್ಟು? ಮುಂದಿನ ಸಾಲಿನವರು ಒಟ್ಟಾಗಿ 2.40 ಎಂದಿರಿ. ಹಿಂದಿನಿಂದ ಒಬ್ಬರು, ಇಷ್ಟು ಸುಲಭದ ಪ್ರಶ್ನೆಯನ್ನು ಇವರೇಕೆ ಕೇಳುತ್ತಿದ್ದಾರೆ ಎಂಬ ಅನುಮಾನದ ದನಿಯಲ್ಲಿ, ‘ಮೂರು ಎಕರೆ ಸರ್’ ಎಂದರು. ಅವರ ಮನೆಯವರಿಗೆ ಹೊಲವಿರಬೇಕು.

ಮೂರು ಎಕರೆಯೇ ಸರಿ. ನಲವತ್ತು ಗುಂಟೆಗೆ ಒಂದು ಎಕರೆ, ಹದಿನಾರು ಆಣೆಗೆ ಒಂದು ಗುಂಟೆ. ಪಹಣಿಯಲ್ಲಿ ಎಕರೆ, ಗುಂಟೆ, ಆಣೆಗಳ ನಡುವೆ ಚುಕ್ಕಿ ಇಟ್ಟು ಬರೆಯುವುದು ರೂಢಿ. ಆ ಚುಕ್ಕಿಗೂ ನಾವು ಶಾಲೆಯಲ್ಲಿ ಕಲಿತ ದಶಮಾಂಶಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಆದರೆ ಊರು ಕಾಣದ ಒಬ್ಬ ಪ್ರೋಗ್ರಾಮರ್ ಆ ಚುಕ್ಕಿಯನ್ನು ನೋಡಿದ ಕೂಡಲೇ ಡೇಟಾಬೇಸಿನಲ್ಲಿ ಅದಕ್ಕೊಂದು ದಶಮಾಂಶದ ಕಾಲಂ ಮಾಡಿಡುತ್ತಾನೆ. ಪ್ರೋಗ್ರಾಂ ಎಲ್ಲಿಯೂ ನಿಲ್ಲುವುದಿಲ್ಲ, ದೋಷದ ಸಂದೇಶವನ್ನೂ ತೋರಿಸುವುದಿಲ್ಲ. ಪರೀಕ್ಷೆಯಲ್ಲಿ ಪಾಸಾಗುತ್ತದೆ. 1.20ಕ್ಕೆ 1.20 ಕೂಡಿಸಿ 2.40 ಎಂದು ಅಚ್ಚು ಹಾಕಿ ಕೊಡುತ್ತದೆ. 2.40 ಎಂಬ ವಿಸ್ತೀರ್ಣ ಪಹಣಿಯಲ್ಲಿ ಇರುವುದೇ ಸಾಧ್ಯವಿಲ್ಲ ಎಂದು ಅದಕ್ಕೆ ಹೇಳಿದವರು ಯಾರೂ ಇರಲಿಲ್ಲ.

ಹಾಗೆ ಹೇಳುವವನೇ ಸಿಸ್ಟಮ್ಸ್ ಅನಲಿಸ್ಟ್. ಅವನು ಬರೆದುಕೊಡಬೇಕಾದದ್ದು ಎರಡು ಸಾಲು: ವಿಸ್ತೀರ್ಣವೆಂದರೆ ಮೂರು ಬೇರೆ ಬೇರೆ ಪೂರ್ಣಾಂಕಗಳು, ಗುಂಟೆ 39ನ್ನು ಮೀರಬಾರದು, ಆಣೆ 15ನ್ನು ಮೀರಬಾರದು. ಇಷ್ಟಕ್ಕೇ ಕೆಲಸ ಮುಗಿಯುವುದಾದರೆ ಈ ಹುದ್ದೆಗೆ ಸಂಬಳ ಕೊಡಬೇಕಾಗಿರಲಿಲ್ಲ. ಮುಂದಿನ ಪ್ರಶ್ನೆಗೆ ಬನ್ನಿ. ಒಂದು ಎಕರೆಯನ್ನು ಮೂವರು ಅಣ್ಣತಮ್ಮಂದಿರಿಗೆ ಸಮವಾಗಿ ಹಂಚಬೇಕು. ಎಕರೆಗೆ 640 ಆಣೆ. ತಲೆಗೆ 213 ಆಣೆ, ಅಂದರೆ 13 ಗುಂಟೆ 5 ಆಣೆ. ಮೂರು ಪಾಲು ಸೇರಿದರೆ 639. ಒಂದು ಆಣೆ ಉಳಿಯಿತು. ಗುಂಟೆಗೆ 1,089 ಚದರ ಅಡಿ ಎಂಬ ಲೆಕ್ಕದಲ್ಲಿ ಆ ಒಂದು ಆಣೆ ಸುಮಾರು 68 ಚದರ ಅಡಿ ನೆಲ. ಅದು ಯಾರಿಗೆ?

ಕಾಗದದ ಕಾಲದಲ್ಲಿ ಈ ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳುತ್ತಿರಲಿಲ್ಲ. ಬರೆಯುವವರು ಹಿರಿಯನಿಗೋ ಕಿರಿಯನಿಗೋ, ಬಾವಿಯ ಕಡೆಯ ಪಾಲಿಗೋ ಸೇರಿಸಿ, ‘ಒಪ್ಪಿಗೆಯೇನಪ್ಪಾ?’ ಎಂದು ಮೂವರ ಮುಖ ನೋಡಿ ಮುಂದೆ ಹೋಗುತ್ತಿದ್ದರು. ಕಂಪ್ಯೂಟರಿಗೆ ಮುಖ ನೋಡಲು ಬರುವುದಿಲ್ಲ. ಅದಕ್ಕೊಂದು ನಿಯಮ ಬೇಕು. ಇಲ್ಲವೇ, ‘ಇಲ್ಲಿ ನಿಂತುಕೊ, ಮನುಷ್ಯರನ್ನು ಕೇಳು’ ಎಂಬ ಸೂಚನೆ ಬೇಕು. ಯಾವ ಜಾಗದಲ್ಲಿ ನಿಯಮ ಬರೆಯಬೇಕು, ಯಾವ ಜಾಗದಲ್ಲಿ ನಿಲ್ಲಿಸಿ ಮನುಷ್ಯರನ್ನು ಕೇಳಿಸಬೇಕು ಎಂದು ನಿರ್ಧರಿಸುವುದು ನನ್ನ ಪ್ರಕಾರ ಈ ವೃತ್ತಿಯ ತಿರುಳು. ಉಳಿದದ್ದೆಲ್ಲ, ಅಂದರೆ ನಕ್ಷೆ, ದಾಖಲೆ, ಸಭೆ, ಸಹಿ, ಅದರ ಸುತ್ತಲಿನ ಸಾಮಗ್ರಿ. ಇದು ತಾಂತ್ರಿಕ ನಿರ್ಧಾರದ ವೇಷದಲ್ಲಿ ಬರುತ್ತದೆ, ಆದರೆ ಅದು ಒಬ್ಬರ ಕೈಯಲ್ಲಿದ್ದ ಅಧಿಕಾರವನ್ನು ಇನ್ನೊಬ್ಬರ ಕೈಗೆ ಕೊಡುವ ನಿರ್ಧಾರ.

ಹುದ್ದೆಯ ಹೆಸರಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಕೆಲವು ಕಂಪನಿಗಳಲ್ಲಿ ಬಿಸಿನೆಸ್ ಅನಲಿಸ್ಟ್ ಎನ್ನುತ್ತಾರೆ, ಕೆಲವು ಕಡೆ ಪ್ರಾಡಕ್ಟ್ ಓನರ್ ಎನ್ನುತ್ತಾರೆ, ಬ್ಯಾಂಕುಗಳಲ್ಲಿ ಇನ್ನೇನೋ. ಇಪ್ಪತ್ತು ವರ್ಷದ ಹಿಂದೆ ನಮ್ಮ ಕೈಗೆ ಫ್ಲೋಚಾರ್ಟ್ ಮತ್ತು ಡೇಟಾ ಫ್ಲೋ ಡಯಾಗ್ರಾಂ ಕೊಟ್ಟಿದ್ದರು, ಈಗ ಯೂಸರ್ ಸ್ಟೋರಿ ಎಂಬ ಚೀಟಿಗಳನ್ನು ಕೊಡುತ್ತಾರೆ. ಕೆಲಸ ಅದೇ.

ಈ ಕೆಲಸ ಎಲ್ಲಿ ಹುಟ್ಟಿತು ಎಂದು ಕೇಳಿದರೆ ಹೆಚ್ಚಿನವರು ಅಮೆರಿಕದ ಕಡೆ ಕೈ ತೋರಿಸುತ್ತಾರೆ. ನನಗೆ ಇಷ್ಟವಾದ ಹುಟ್ಟೂರು ಲಂಡನ್ನಿನ ಒಂದು ಚಹಾ ಅಂಗಡಿ. ಜೆ. ಲಯನ್ಸ್ ಎಂಬ ಕಂಪನಿ ಚಹಾ, ಕೇಕು, ಬ್ರೆಡ್ಡು ಮಾರುತ್ತಿತ್ತು. ಊರ ತುಂಬ ಅದರ ಟೀ ಶಾಪುಗಳು. ಕಂಪ್ಯೂಟರು ಹುಟ್ಟುವ ಮೊದಲೇ, 1930ರ ದಶಕದಲ್ಲಿ, ಕಚೇರಿಯ ಕೆಲಸ ಹೇಗೆ ನಡೆಯುತ್ತದೆ ಎಂದು ಅಧ್ಯಯನ ಮಾಡಲು ಅವರು ಒಂದು ವಿಭಾಗವನ್ನೇ ತೆರೆದಿದ್ದರು. 1947ರಲ್ಲಿ ಇಬ್ಬರು ಅಧಿಕಾರಿಗಳು ಅಮೆರಿಕಕ್ಕೆ ಹೋಗಿ ಬಂದು, ಈ ಎಲೆಕ್ಟ್ರಾನಿಕ್ ಯಂತ್ರ ಗುಮಾಸ್ತರ ಲೆಕ್ಕಕ್ಕೂ ಆಗಬಹುದು ಎಂದು ವರದಿ ಕೊಟ್ಟರು. ಕೇಂಬ್ರಿಜ್ ವಿಶ್ವವಿದ್ಯಾಲಯ ಕಟ್ಟುತ್ತಿದ್ದ ಯಂತ್ರಕ್ಕೆ ಕಂಪನಿ ಧನಸಹಾಯ ಕೊಟ್ಟಿತು, ಪ್ರತಿಯಾಗಿ ಅದರ ವಿದ್ಯೆಯನ್ನು ಪಡೆಯಿತು. ಹಾಗೆ ಹುಟ್ಟಿದ್ದು ಲಿಯೋ. 1951ರ ನವೆಂಬರಿನಿಂದ ಬೇಕರಿಯ ಸರಕಿನ ಮೌಲ್ಯದ ಲೆಕ್ಕವನ್ನು ಅದು ವಾರ ವಾರವೂ ಮಾಡತೊಡಗಿತು. ವ್ಯಾಪಾರದ ಕಚೇರಿ ಕೆಲಸವನ್ನು ನಿಯಮಿತವಾಗಿ ಮಾಡಿದ ಮೊದಲ ಕಂಪ್ಯೂಟರ್ ಎಂದು ಅದನ್ನು ಗುರುತಿಸುತ್ತಾರೆ. ಅದಕ್ಕೆ ಕೆಲಸ ಕಲಿಸಿದ ತಂಡದ ಮುಂದಾಳು ಡೇವಿಡ್ ಕ್ಯಾಮಿನರ್. ಜಗತ್ತಿನ ಮೊದಲ ಸಿಸ್ಟಮ್ಸ್ ಅನಲಿಸ್ಟ್ ಎಂದು ಅನೇಕರು ಅವರನ್ನೇ ಕರೆಯುತ್ತಾರೆ. ಗಣಿತಜ್ಞರಲ್ಲ, ಎಂಜಿನಿಯರೂ ಅಲ್ಲ. 1936ರಲ್ಲಿ ಅದೇ ಕಂಪನಿಗೆ ಮ್ಯಾನೇಜ್‌ಮೆಂಟ್ ಟ್ರೇನಿಯಾಗಿ ಸೇರಿದವರು.

ಅವರ ಕಾಲದ ಒಂದು ಕೆಲಸವನ್ನು ಮಾತ್ರ ಹೇಳುತ್ತೇನೆ. ಪ್ರತಿ ಟೀ ಶಾಪಿನ ಮೇಲ್ವಿಚಾರಕಿ ನಾಳೆಗೆ ಏನೇನು ಎಷ್ಟೆಷ್ಟು ಬೇಕು ಎಂದು ದಿನವೂ ಉದ್ದನೆಯ ಪಟ್ಟಿ ತುಂಬಿ ಕಳುಹಿಸಬೇಕಾಗಿತ್ತು. ಅಷ್ಟೂ ಪಟ್ಟಿಗಳನ್ನು ಕೂಡಿ, ಬೇಕರಿಗೆ ಹೇಳಿ, ಲಾರಿಗೆ ತುಂಬಬೇಕು. ಒಬ್ಬ ಸಾಮಾನ್ಯ ಬುದ್ಧಿವಂತ ಏನು ಮಾಡುತ್ತಿದ್ದ? ಅದೇ ಪಟ್ಟಿಯನ್ನು ಕಂಪ್ಯೂಟರಿಗೆ ತುಂಬಿಸುತ್ತಿದ್ದ. ಲಯನ್ಸಿನವರು ಹಾಗೆ ಮಾಡಲಿಲ್ಲ. ಸೋಮವಾರದ ಪಟ್ಟಿ ಹಿಂದಿನ ಸೋಮವಾರದ ಪಟ್ಟಿಯ ಹಾಗೆಯೇ ಇರುತ್ತದೆ, ಅಲ್ಲೊಂದು ಇಲ್ಲೊಂದು ಬದಲಾವಣೆ ಬಿಟ್ಟರೆ. ಆದ್ದರಿಂದ ಪ್ರತಿ ಅಂಗಡಿಗೂ ವಾರದ ಪ್ರತಿ ದಿನಕ್ಕೂ ಒಂದು ಸ್ಥಿರ ಬೇಡಿಕೆಯನ್ನು ಯಂತ್ರದಲ್ಲಿ ಇಟ್ಟರು. ಮೇಲ್ವಿಚಾರಕಿ ಫೋನಿನಲ್ಲಿ ಬದಲಾವಣೆಯನ್ನಷ್ಟೇ ಹೇಳುವುದು. ಇತ್ತ ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ಹುಡುಗಿ ಕೇಳುತ್ತ ಕೇಳುತ್ತಲೇ ಯಂತ್ರ ಓದುವ ಕಾರ್ಡಿಗೆ ರಂಧ್ರ ಒತ್ತುವುದು. ಇದು 1954ರ ಸುಮಾರಿನ ಮಾತು.

ಇದರಲ್ಲಿ ನನಗೆ ಮೆಚ್ಚುಗೆಯಾಗುವುದು ಯಂತ್ರದ ವೇಗ ಅಲ್ಲ. ಯಾಂತ್ರಿಕವಾದದ್ದನ್ನು ಯಂತ್ರಕ್ಕೆ ಕೊಟ್ಟು, ಊಹೆ ಬೇಕಾದದ್ದನ್ನು ಆ ಹೆಂಗಸಿನ ಕೈಯಲ್ಲೇ ಬಿಟ್ಟರು. ನಾಳೆ ಮಳೆ ಬರುವ ಹಾಗಿದೆ, ಎದುರು ರಸ್ತೆಯಲ್ಲಿ ಮೆರವಣಿಗೆ ಇದೆ, ಬನ್ನು ಎರಡು ಟ್ರೇ ಹೆಚ್ಚು ಕಳಿಸಿ ಎಂದು ಹೇಳುವ ಹಕ್ಕು ಅವಳಿಗೇ ಉಳಿಯಿತು. ಎಪ್ಪತ್ತು ವರ್ಷ ಕಳೆದರೂ ಇದಕ್ಕಿಂತ ಚೊಕ್ಕಟವಾದ ವಿಶ್ಲೇಷಣೆಯನ್ನು ನಾನು ಹೆಚ್ಚು ಕಂಡಿಲ್ಲ.

ಈಗ ನಮ್ಮ ಮನೆಯ ಅಂಗಳಕ್ಕೆ ಬರೋಣ. ಪಹಣಿಗಳನ್ನು ಕಂಪ್ಯೂಟರಿಗೆ ತಂದ ಭೂಮಿ ಯೋಜನೆ ನಿಮ್ಮಲ್ಲಿ ಹಲವರು ಹುಟ್ಟುವ ಮೊದಲಿನದು. ನಾಡಕಚೇರಿಯಲ್ಲೋ ಮೊಬೈಲಿನಲ್ಲೋ ಪಹಣಿ ತೆಗೆದುಕೊಳ್ಳುವ ನಿಮಗೆ ಅದಕ್ಕೂ ಮುಂಚಿನ ಪರಿಸ್ಥಿತಿ ಊಹೆಗೆ ಬರುವುದು ಕಷ್ಟ.

ಮೊದಲು ಶಾನುಭೋಗರಿದ್ದರು, ವಂಶಪಾರಂಪರ್ಯವಾಗಿ. 1961ರ ಕಾಯ್ದೆ ಆ ಪದ್ಧತಿಯನ್ನು ತೆಗೆಯಿತು, ಗ್ರಾಮ ಲೆಕ್ಕಿಗರು ಬಂದರು. ರಾಜ್ಯದಲ್ಲಿ ಸುಮಾರು ಒಂಬತ್ತು ಸಾವಿರ ಲೆಕ್ಕಿಗರು, ಒಬ್ಬೊಬ್ಬರ ಸುಪರ್ದಿಗೆ ಮೂರು ನಾಲ್ಕು ಹಳ್ಳಿಗಳು. ಪಹಣಿ ಪುಸ್ತಕಗಳು ಅವರ ವಶದಲ್ಲಿ. ಸಾಲಕ್ಕೆ ಪಹಣಿ ಬೇಕು, ಜಾಮೀನಿಗೆ ಪಹಣಿ ಬೇಕು, ಕೋರ್ಟಿಗೆ ಪಹಣಿ ಬೇಕು. ಪಹಣಿ ಬೇಕಾದರೆ ಲೆಕ್ಕಿಗರು ಸಿಗಬೇಕು. ಅವರು ಇನ್ನೊಂದು ಹಳ್ಳಿಗೆ ಹೋಗಿರುತ್ತಿದ್ದರು, ತಾಲ್ಲೂಕು ಕಚೇರಿಯ ಸಭೆಗೆ ಹೋಗಿರುತ್ತಿದ್ದರು. ಸಿಕ್ಕಿದ ಮೇಲೆ ಕೈ ಬೆಚ್ಚಗೆ ಮಾಡಬೇಕಾಗುತ್ತಿತ್ತು. ಎಲ್ಲರೂ ಹಾಗಿದ್ದರು ಎಂದು ನಾನು ಹೇಳುತ್ತಿಲ್ಲ. ಆದರೆ ಹಾಗಿರಬೇಕೆಂದು ಬಯಸಿದವರಿಗೆ ವ್ಯವಸ್ಥೆಯಲ್ಲಿ ಯಾವ ಅಡ್ಡಿಯೂ ಇರಲಿಲ್ಲ.

ಈ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕುವ ಪ್ರಯತ್ನ ಭೂಮಿಗೂ ಮೊದಲೇ ನಡೆದಿತ್ತು, ಸೋತಿತ್ತು. ಸೋತ ಕಾರಣವನ್ನು ಗಮನವಿಟ್ಟು ಕೇಳಿ. ಒಂದು ಕಡೆ ದಾಖಲೆಯನ್ನು ಬೆರಳಚ್ಚು ಮಾಡಿಸುತ್ತಿದ್ದರು, ಇನ್ನೊಂದು ಕಡೆ ಲೆಕ್ಕಿಗರ ಪುಸ್ತಕದಲ್ಲಿ ಕೈಬರಹದ ತಿದ್ದುಪಡಿ ನಡೆದೇ ಇತ್ತು. ಬೆರಳಚ್ಚು ಮುಗಿಯುವ ಹೊತ್ತಿಗೆ ಪುಸ್ತಕ ಮುಂದೆ ಹೋಗಿರುತ್ತಿತ್ತು. ಎರಡು ದಾಖಲೆ, ಕಾನೂನಿಗೆ ಮಾನ್ಯವಾದದ್ದು ಪುಸ್ತಕ. ಕಂಪ್ಯೂಟರಿನಲ್ಲಿದ್ದದ್ದನ್ನು ಯಾರು ಕೇಳುತ್ತಾರೆ?

ರಾಜೀವ್ ಚಾವ್ಲಾ ಎಂಬ ಐಎಎಸ್ ಅಧಿಕಾರಿಯ ಮುಂದಾಳತ್ವದಲ್ಲಿ, ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ ಬರೆದ ತಂತ್ರಾಂಶದೊಂದಿಗೆ, 1999ರ ನಂತರ ಕಂದಾಯ ಇಲಾಖೆ ಇದನ್ನು ಮತ್ತೆ ಕೈಗೆತ್ತಿಕೊಂಡಿತು. ಅಂದಿನ 177 ತಾಲ್ಲೂಕುಗಳು, ಸುಮಾರು ಎರಡು ಕೋಟಿ ಪಹಣಿಗಳು, 67 ಲಕ್ಷ ಭೂಮಾಲೀಕರು. ಲೆಕ್ಕಿಗರೇ ಅಚ್ಚಾದ ಹಾಳೆಯನ್ನು ತಮ್ಮ ಪುಸ್ತಕದೊಂದಿಗೆ ತಾಳೆ ನೋಡಿ ಸಹಿ ಹಾಕಬೇಕು. ತಾಲ್ಲೂಕಿನ ಕೆಲಸ ಪೂರ್ತಿಯಾದ ಮೇಲೆ ಅಧಿಸೂಚನೆ ಹೊರಡುತ್ತದೆ: ಇಂದಿನಿಂದ ಈ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ. ಇದೊಂದು ಸಾಲು ಭೂಮಿಯನ್ನು ಉಳಿಸಿತು ಎಂದು ನಾನು ನಂಬಿದ್ದೇನೆ. ಅದರಲ್ಲಿ ಒಂದು ಅಕ್ಷರ ಕೋಡ್ ಇಲ್ಲ. ಹಿಂದಿನ ಸೋಲಿಗೆ ಕಾರಣ ಎರಡು ದಾಖಲೆಗಳಿದ್ದದ್ದು ಎಂದು ಗುರುತಿಸಿದವರು ಯಾರೋ, ಅವರ ವಿಶ್ಲೇಷಣೆಯ ಫಲ ಅದು.

ಇನ್ನುಳಿದ ನಿರ್ಧಾರಗಳನ್ನೂ ನೋಡಿ. ಕೌಂಟರಿನಲ್ಲಿ ಎರಡು ಪರದೆ, ಒಂದು ನೌಕರನ ಕಡೆಗೆ, ಇನ್ನೊಂದು ರೈತನ ಕಡೆಗೆ. ಏನು ತೆರೆಯುತ್ತಿದೆ, ಯಾರ ಹೆಸರು ಬರುತ್ತಿದೆ ಎಂದು ಅವನೂ ನೋಡಬಹುದು. ಆಗ ಹದಿನೈದು ರೂಪಾಯಿ ಕೊಟ್ಟರೆ ಯಾರು ಯಾರ ಪಹಣಿಯನ್ನಾದರೂ ಪಡೆಯಬಹುದಾಗಿತ್ತು, ಕಾರಣ ಹೇಳಬೇಕಾಗಿರಲಿಲ್ಲ. ನೌಕರ ಬೆರಳಿನ ಗುರುತು ಕೊಟ್ಟು ತಂತ್ರಾಂಶದ ಒಳಗೆ ಹೋಗಬೇಕು. ‘ನನ್ನ ಪಾಸ್‌ವರ್ಡ್ ಇನ್ಯಾರೋ ಬಳಸಿದರು’ ಎಂದು ಆಮೇಲೆ ಹೇಳುವಂತಿಲ್ಲ. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿ ಆಗಬೇಕು. ಸಾಹೇಬರ ಪರಿಚಯದವರ ಅರ್ಜಿಯನ್ನು ಕಂತೆಯ ಮೇಲಕ್ಕೆ ಎಳೆದುಕೊಳ್ಳಲು ತಂತ್ರಾಂಶ ಬಿಡುವುದಿಲ್ಲ. ಟೀ ಶಾಪಿನಲ್ಲಿ ಮನುಷ್ಯರ ವಿವೇಚನೆಯನ್ನು ಉಳಿಸಿದರು ಎಂದೆ. ಇಲ್ಲಿ ಬೇಕೆಂದೇ ತೆಗೆದರು. ಎರಡೂ ಸರಿಯಾದ ವಿಶ್ಲೇಷಣೆಗಳೇ. ಮೇಲ್ವಿಚಾರಕಿಯ ವಿವೇಚನೆಯಿಂದ ಗಿರಾಕಿಗೆ ಬನ್ನು ಸಿಗುತ್ತಿತ್ತು. ಲೆಕ್ಕಿಗರ ವಿವೇಚನೆಯಿಂದ ರೈತನ ಜೇಬು ಖಾಲಿಯಾಗುತ್ತಿತ್ತು.

ಆದರೆ ತೆಗೆಯುವಾಗ ಕಸದ ಜೊತೆ ಕೆಲವು ಕಾಳೂ ಹೋಗುತ್ತವೆ. ಪಹಣಿಯ ಒಂಬತ್ತನೇ ಕಾಲಂನಲ್ಲಿ ಮಾಲೀಕರ ಹೆಸರುಗಳಿರುತ್ತವೆ, ಹನ್ನೊಂದರಲ್ಲಿ ಹಕ್ಕು ಮತ್ತು ಋಣಗಳಿರುತ್ತವೆ. ಒಂದೇ ಸರ್ವೆ ನಂಬರಿನ ಒಂಬತ್ತನೇ ಕಾಲಂನಲ್ಲಿ ಎಂಟು ಹತ್ತು ಹೆಸರುಗಳು ಸಾಲಾಗಿ ನಿಂತಿರುವ ಪಹಣಿ ನಿಮ್ಮ ತಾಲ್ಲೂಕಿನಲ್ಲೂ ಬೇಕಾದಷ್ಟಿವೆ. ಯಾರದು ಎಲ್ಲಿಂದ ಎಲ್ಲಿಯವರೆಗೆ ಎಂಬುದು ಪೋಡಿ ಆಗದೆ, ಅಂದರೆ ಅಳೆದು ಪಾಲುಗಳನ್ನು ಬೇರ್ಪಡಿಸದೆ, ಹಾಗೆಯೇ ಉಳಿದಿರುತ್ತದೆ. ಹಳೆಯ ಲೆಕ್ಕಿಗರಿಗೆ, ಹುಣಸೆಮರದ ಕಡೆಯದು ಇವರದು, ಹಳ್ಳದ ಕಡೆಯದು ಅವರದು ಎಂದು ಗೊತ್ತಿರುತ್ತಿತ್ತು. ಆ ತಿಳಿವಳಿಕೆಗೆ ಕಾಲಂ ಇರಲಿಲ್ಲ, ಅದು ಕಂಪ್ಯೂಟರಿಗೆ ಬರಲಿಲ್ಲ. ಪಹಣಿಯ ವಿಸ್ತೀರ್ಣಕ್ಕೂ ಸರ್ವೆ ಇಲಾಖೆಯ ಅಳತೆಯ ದಾಖಲೆಯಾದ ಆಕಾರ್‌ಬಂದ್ ವಿಸ್ತೀರ್ಣಕ್ಕೂ ಇದ್ದ ವ್ಯತ್ಯಾಸಗಳು ಹಾಗೆಯೇ ಅಚ್ಚಾದವು. ಪುಸ್ತಕದಲ್ಲಿದ್ದ ತಪ್ಪಿಗೆ ಈಗ ಕಂಪ್ಯೂಟರಿನ ಗಾಂಭೀರ್ಯ ಬಂತು. ಅದನ್ನು ತಿದ್ದಿಸಲು ರೈತ ಅರ್ಜಿ ಹಿಡಿದು ತಾಲ್ಲೂಕು ಕಚೇರಿಯಿಂದ ಉಪವಿಭಾಗಾಧಿಕಾರಿಗಳ ಕಚೇರಿಯವರೆಗೆ ಅಲೆಯಬೇಕಾಯಿತು. ಯಾರ ಭೂಮಿಯ ದಾಖಲೆಯಾದರೂ ಸಲೀಸಾಗಿ ಸಿಗುವಂತಾದದ್ದರಿಂದ ನಗರದ ಅಂಚಿನಲ್ಲಿ ಜಮೀನು ಹುಡುಕುವ ದೊಡ್ಡವರಿಗೆ ಹೆಚ್ಚು ಅನುಕೂಲವಾಯಿತು ಎಂಬ ಟೀಕೆಯನ್ನೂ ಸಂಶೋಧಕರು ಮಾಡಿದ್ದಾರೆ. ನನಗೆ ಆ ಟೀಕೆಯಲ್ಲಿ ಹುರುಳಿದೆ ಎನ್ನಿಸುತ್ತದೆ. ಆದರೂ ಲೆಕ್ಕಿಗರಿಗಾಗಿ ಬಿಸಿಲಲ್ಲಿ ಕಾದವರ ಪೈಕಿ ಆ ಕಾಲ ಮರಳಿ ಬರಲಿ ಎನ್ನುವವರನ್ನು ನಾನು ಇದುವರೆಗೆ ಕಂಡಿಲ್ಲ.

ದೊಡ್ಡ ಯೋಜನೆಗಳ ಮಾತು ಸಾಕು, ಒಂದು ಚಿಕ್ಕ ಕಚೇರಿಯ ಒಳಗೆ ಹೋಗೋಣ. ಒಂದು ಕೃಷಿ ಪತ್ತಿನ ಸಹಕಾರ ಸಂಘ, ಹೆಸರು ಬೇಡ. ಸಾಲದ ಲೆಡ್ಜರುಗಳನ್ನು ಕಂಪ್ಯೂಟರಿಗೆ ತರುವ ಕೆಲಸದಲ್ಲಿ ಅಲ್ಲಿಗೆ ಹೋಗಿದ್ದೆ. ಕಾರ್ಯದರ್ಶಿಗಳು ಹಿರಿಯರು, ಅಕ್ಷರ ಮುತ್ತಿನಂತಿತ್ತು. ಪುಟ ತಿರುವುತ್ತಿದ್ದಾಗ ಕೆಲವು ಖಾತೆಗಳ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ‘ಮ’ ಎಂದು ಬರೆದಿದ್ದು ಕಾಣಿಸಿತು. ಅಂಕಿಗಳೆಲ್ಲ ಶಾಯಿಯಲ್ಲಿ, ಇದು ಮಾತ್ರ ಪೆನ್ಸಿಲ್.

‘ಇದೇನು ಸ್ವಾಮಿ?’ ಎಂದೆ.

‘ಅದು ನಿಮಗೆ ಬೇಕಾಗಿಲ್ಲ, ನಮ್ಮ ಗುರುತಿಗೆ’ ಎಂದರು.

‘ನಮಗೆ ಬೇಕಾಗಿಲ್ಲ’ ಎಂಬ ಮಾತು ಕಿವಿಗೆ ಬಿದ್ದರೆ ಅನಲಿಸ್ಟ್ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಳ್ಳಬೇಕು. ಕಾಫಿ ಬಂತು, ಮಾತು ಬೇರೆ ಕಡೆ ಹೋಗಿ ತಿರುಗಿ ಬಂತು. ‘ಮ’ ಎಂದರೆ ಮಗ. ಸಾಲ ಪಡೆದವರು ತೀರಿಕೊಂಡಿದ್ದಾರೆ, ಖಾತೆ ಇನ್ನೂ ಮಕ್ಕಳ ಹೆಸರಿಗೆ ಆಗಿಲ್ಲ, ಅಣ್ಣತಮ್ಮಂದಿರ ನಡುವೆ ತಕರಾರಿದೆ. ಆದರೆ ಒಬ್ಬ ಮಗ ಕಂತು ಕಟ್ಟುತ್ತಿದ್ದಾನೆ. ಅವನನ್ನೇ ಕೇಳಬೇಕು, ತೀರಿಕೊಂಡವರ ಹೆಸರಿಗೆ ನೋಟಿಸು ಕಳಿಸಿ ಮನೆಯವರಿಗೆ ನೋವು ಮಾಡಬಾರದು. ನಿಯಮದ ಪುಸ್ತಕದಲ್ಲಿ ಸಾಲಗಾರ ಬದುಕಿರುತ್ತಾನೆ ಅಥವಾ ವಾರಸುದಾರರ ಹೆಸರಿಗೆ ಖಾತೆ ಆಗಿರುತ್ತದೆ. ನಡುವೆ ನಾಲ್ಕೈದು ವರ್ಷದ ಒಂದು ಅವಸ್ಥೆ ಇದೆ ಎಂದು ಪುಸ್ತಕಕ್ಕೆ ಗೊತ್ತಿಲ್ಲ. ಪೆನ್ಸಿಲಿಗೆ ಗೊತ್ತಿದೆ.

ಈಗ ಅನಲಿಸ್ಟ್ ಏನು ಮಾಡಬೇಕು? ತಂತ್ರಾಂಶದಲ್ಲಿ ಪೆನ್ಸಿಲ್ ಇಲ್ಲದಿದ್ದರೆ ಮೊದಲ ತಿಂಗಳೇ ತೀರಿಕೊಂಡವರಿಗೆಲ್ಲ ನೋಟಿಸು ಅಚ್ಚಾಗಿ ಹೊರಡುತ್ತದೆ. ‘ಸಾಲಗಾರ ಮೃತ’ ಎಂದು ಒಂದು ಕಾಲಂ ಕೊಟ್ಟರೆ, ಅದನ್ನು ತುಂಬಿದ ಕೂಡಲೇ ಲೆಕ್ಕ ಪರಿಶೋಧಕರು, ‘ಹಾಗಾದರೆ ಖಾತೆ ಏಕೆ ಬದಲಾಗಿಲ್ಲ?’ ಎಂದು ಆಕ್ಷೇಪಣೆ ಬರೆಯುತ್ತಾರೆ, ಮುಂದೆ ಯಾರೂ ಅದನ್ನು ತುಂಬುವುದೇ ಇಲ್ಲ. ಎಲ್ಲರಿಗೂ ಕಾಣುವ ಟಿಪ್ಪಣಿಯ ಜಾಗ ಕೊಟ್ಟರೆ ಮನೆಯ ಜಗಳ ಪರದೆಯ ಮೇಲೆ ಬರುತ್ತದೆ. ಕೊನೆಗೆ ಒಪ್ಪಿಕೊಂಡದ್ದು ಹೀಗೆ: ಸಾಲಗಾರನ ಹೆಸರಿನ ಜೊತೆಗೆ ‘ಸಂಪರ್ಕಿಸಬೇಕಾದವರು’ ಎಂದು ಇನ್ನೊಂದು ಹೆಸರು, ನೋಟಿಸು ಯಾರ ಹೆಸರಿಗೆ ಹೋಗಬೇಕು ಎಂಬ ಆಯ್ಕೆ. ಏಕೆ ಎಂದು ತಂತ್ರಾಂಶ ಕೇಳುವುದಿಲ್ಲ. ಕಾರ್ಯದರ್ಶಿಗಳು ಅದನ್ನು ನೋಡಿ, ‘ಇಷ್ಟು ಸಾಕು’ ಎಂದರು. ಅಂಥವರ ‘ಸಾಕು’ ಎಂಬ ಒಂದು ಮಾತು ಹತ್ತು ಸಹಿಗಳಿಗಿಂತ ಹೆಚ್ಚು.

ಪೆನ್ಸಿಲಿಗೆ ಜಾಗ ಕೊಡದ ವ್ಯವಸ್ಥೆ ದೊಡ್ಡದಾದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಅಂಚೆ ಸಂಸ್ಥೆಯ ಹೊರೈಜನ್ ಪ್ರಕರಣ ಇದೆ. ಈ ವೃತ್ತಿಗೆ ಬರುವವರೆಲ್ಲ ಅದನ್ನು ವಿವರವಾಗಿ ಓದಬೇಕು. ಅಲ್ಲಿ ಸಣ್ಣ ಊರುಗಳ ಅಂಚೆ ಕಚೇರಿಗಳನ್ನು ಅಂಗಡಿಯವರೇ ಗುತ್ತಿಗೆಯ ಮೇಲೆ ನಡೆಸುತ್ತಾರೆ. 1999ರಿಂದ ಅವರ ಕೌಂಟರುಗಳಿಗೆ ಹೊರೈಜನ್ ಎಂಬ ಲೆಕ್ಕದ ವ್ಯವಸ್ಥೆ ಬಂತು, ಫುಜಿತ್ಸು ನಡೆಸುತ್ತಿದ್ದದ್ದು. ಅದರಲ್ಲಿ ದೋಷಗಳಿದ್ದವು. ಫಾಲ್ಕರ್ಕ್ ಊರಿನ ಕ್ಯಾಲೆಂಡರ್ ಸ್ಕ್ವೇರ್ ಶಾಖೆಯ ಹೆಸರಿನಲ್ಲೇ ಒಂದು ದೋಷವನ್ನು ಗುರುತಿಸುತ್ತಾರೆ: ಕಚೇರಿಯೊಳಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಮಾಡಿದ ವರ್ಗಾವಣೆ ಲೆಕ್ಕದಲ್ಲಿ ಮತ್ತೊಮ್ಮೆ ಕಾಣಿಸಿಕೊಳ್ಳುತ್ತಿತ್ತು. ಹಣ ಇದ್ದಲ್ಲೇ ಇದೆ, ಲೆಕ್ಕದಲ್ಲಿ ಮಾತ್ರ ಕೊರತೆ.

ದೋಷ ಎಲ್ಲ ತಂತ್ರಾಂಶದಲ್ಲೂ ಇರುತ್ತದೆ. ನಾನು ಹೇಳಹೊರಟದ್ದು ಪರದೆಯ ಬಗ್ಗೆ. ಮೊದಲು ಒಂದು ಅನುಕೂಲವಿತ್ತು. ಕಾರಣ ತಿಳಿಯದ ವ್ಯತ್ಯಾಸವನ್ನು ತಾತ್ಕಾಲಿಕ ಖಾತೆಗೆ ಹಾಕಿ, ವಿಚಾರಣೆ ಆಗುವವರೆಗೆ ಬದಿಗಿಡಬಹುದಾಗಿತ್ತು. ನಮ್ಮ ಕಚೇರಿಗಳಲ್ಲಿ ಸಸ್ಪೆನ್ಸ್ ಖಾತೆ ಎನ್ನುತ್ತಾರಲ್ಲ, ಅದೇ. 2005ರಲ್ಲಿ ಶಾಖೆಗಳಿಗಿದ್ದ ಆ ಅನುಕೂಲವನ್ನು ತೆಗೆದುಹಾಕಿದರು. ಆಮೇಲೆ ಅವಧಿಯ ಕೊನೆಯಲ್ಲಿ ಪರದೆ ಕೊಡುತ್ತಿದ್ದ ಆಯ್ಕೆಗಳು ಇವು: ಕೊರತೆಯನ್ನು ನಗದಾಗಿ ತುಂಬಿ, ಚೆಕ್ ಕೊಟ್ಟು ತುಂಬಿ, ದೊಡ್ಡ ಮೊತ್ತವಾದರೆ ಕೇಂದ್ರ ಕಚೇರಿಯ ಲೆಕ್ಕಕ್ಕೆ ವರ್ಗಾಯಿಸಿ. ‘ಈ ಲೆಕ್ಕವನ್ನು ನಾನು ಒಪ್ಪುವುದಿಲ್ಲ’ ಎನ್ನುವ ಗುಂಡಿ ಇರಲಿಲ್ಲ. ಒಪ್ಪದಿದ್ದರೆ ಸಹಾಯವಾಣಿಗೆ ಫೋನ್ ಮಾಡಬೇಕು. ಲೆಕ್ಕ ಮುಗಿಸದೆ ಮರುದಿನ ಅಂಗಡಿ ತೆರೆಯುವಂತಿಲ್ಲ. ಸುಳ್ಳೆಂದು ಗೊತ್ತಿದ್ದರೂ ‘ಸರಿಯಿದೆ’ ಎಂದು ಒತ್ತಿದವರ ಮೇಲೆ ಸುಳ್ಳು ಲೆಕ್ಕದ ಆರೋಪ, ಉಳಿದವರ ಮೇಲೆ ಕಳ್ಳತನದ ಆರೋಪ. ಸ್ವಂತ ನಿರ್ಲಕ್ಷ್ಯ ಅಥವಾ ತಪ್ಪಿನಿಂದ, ಇಲ್ಲವೇ ತನ್ನ ಸಹಾಯಕರಿಂದ ಆದ ನಷ್ಟಕ್ಕೆ ಮಾತ್ರ ಅಂಗಡಿಯವನು ಹೊಣೆ ಎಂದು ಒಪ್ಪಂದದಲ್ಲಿ ಬರೆದಿತ್ತು. ಪರದೆ ಆ ಮಾತನ್ನು ಓದಿರಲಿಲ್ಲ. ಸಾಲದ್ದಕ್ಕೆ, ಕಂಪ್ಯೂಟರ್ ಸರಿಯಾಗಿಯೇ ಕೆಲಸ ಮಾಡುತ್ತಿದೆ ಎಂದು ನ್ಯಾಯಾಲಯ ಮೊದಲೇ ಭಾವಿಸಿಕೊಳ್ಳುವ ನಿಯಮ ಅಲ್ಲಿನ ಕಾನೂನಿನಲ್ಲಿತ್ತು.

1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ಜೈಲಿಗೆ ಹೋದವರಿದ್ದಾರೆ, ಮನೆ ಮಾರಿದವರಿದ್ದಾರೆ, ಜೀವ ಕಳೆದುಕೊಂಡವರಿದ್ದಾರೆ. 2019ರಲ್ಲಿ, ಅಂಥದೇ ಅಂಚೆ ಕಚೇರಿ ನಡೆಸುತ್ತಿದ್ದ ಅಲನ್ ಬೇಟ್ಸ್ ಮತ್ತಿತರರ ಮೊಕದ್ದಮೆಯಲ್ಲಿ ಹೈಕೋರ್ಟು ಹೊರೈಜನ್ ದೋಷಪೂರಿತವಾಗಿತ್ತು ಎಂದು ತೀರ್ಪು ಕೊಟ್ಟಿತು. 2024ರಲ್ಲಿ ಸಂಸತ್ತು ಕಾಯ್ದೆ ಮಾಡಿ ಶಿಕ್ಷೆಗಳನ್ನು ರದ್ದುಪಡಿಸಬೇಕಾಯಿತು. ಆ ಪರದೆಯ ವಿನ್ಯಾಸಕ್ಕೂ ಯಾರೋ ಒಬ್ಬರು ದಾಖಲೆ ಬರೆದಿರುತ್ತಾರೆ, ಯಾರೋ ಸಹಿ ಹಾಕಿರುತ್ತಾರೆ. ಸಸ್ಪೆನ್ಸ್ ಖಾತೆಯಲ್ಲಿ ಬಾಕಿ ಬೆಳೆಯುತ್ತದೆ, ಅದನ್ನು ತೆಗೆದರೆ ಲೆಕ್ಕ ಚೊಕ್ಕಟವಾಗುತ್ತದೆ ಎಂಬ ವಾದ ಆ ಸಭೆಯಲ್ಲಿ ಬಹಳ ಸಮಂಜಸವಾಗಿಯೇ ಕೇಳಿಸಿರಬೇಕು.

ಹಾಗಾದರೆ ಪೆನ್ಸಿಲ್ ಗುರುತುಗಳನ್ನು ಹುಡುಕುವುದು ಹೇಗೆ? ಪಠ್ಯಪುಸ್ತಕ ಸಂದರ್ಶನ ಮಾಡಿ ಎನ್ನುತ್ತದೆ. ‘ಈ ಕೆಲಸವನ್ನು ಹೇಗೆ ಮಾಡುತ್ತೀರಿ?’ ಎಂದು ಗುಮಾಸ್ತರನ್ನು ಕೇಳಿದರೆ ಅವರು ನಿಯಮವನ್ನು ಹೇಳುತ್ತಾರೆ. ಸುಳ್ಳು ಹೇಳುತ್ತಾರೆಂದಲ್ಲ, ಹೊರಗಿನವರಿಗೆ ಹೇಳಬೇಕಾದದ್ದು ಅದೇ ಎಂದುಕೊಂಡಿರುತ್ತಾರೆ. ‘ನಿನ್ನೆ ಕೊನೆಯದಾಗಿ ಬಂದ ಅರ್ಜಿಯನ್ನು ತೋರಿಸಿ ಮೇಡಂ, ಅದಕ್ಕೆ ಏನೇನು ಮಾಡಿದಿರಿ?’ ಎಂದು ಕೇಳಿ. ಒಂದು ನಿಜವಾದ ಕಾಗದ ಕೈಯಲ್ಲಿದ್ದರೆ ಯಾರೂ ನಿಯಮ ಹೇಳುವುದಿಲ್ಲ, ನಡೆದದ್ದನ್ನು ಹೇಳುತ್ತಾರೆ. ಮೇಜಿನ ಗಾಜಿನ ಕೆಳಗೆ ಏನೇನು ಸಿಕ್ಕಿಸಿದ್ದಾರೆ ನೋಡಿ. ದೇವರ ಪಟದ ಪಕ್ಕದಲ್ಲಿ ಕೋಡುಗಳ ಚೀಟಿ, ಯಾವ ಬ್ಯಾಂಕಿನ ಯಾರಿಗೆ ಫೋನ್ ಮಾಡಬೇಕು ಎಂಬ ಪಟ್ಟಿ ಇರುತ್ತದೆ. ಈಗಾಗಲೇ ಕಂಪ್ಯೂಟರ್ ಬಂದಿರುವ ಕಚೇರಿಯಾದರೆ ಅದರ ಪಕ್ಕದಲ್ಲಿ ಕ್ಯಾಲ್ಕುಲೇಟರ್ ಇದೆಯೇ ನೋಡಿ. ಇದ್ದರೆ ತಂತ್ರಾಂಶ ಯಾವುದೋ ಲೆಕ್ಕವನ್ನು ಮಾಡುತ್ತಿಲ್ಲ, ಅಥವಾ ಮಾಡಿದ್ದನ್ನು ಅವರು ನಂಬುತ್ತಿಲ್ಲ. ಹಳೆಯ ಡೈರಿಯಲ್ಲಿ ಗೆರೆ ಎಳೆದು ಸ್ವಂತದ ಒಂದು ರಿಜಿಸ್ಟರ್ ಇಟ್ಟುಕೊಂಡಿದ್ದರಂತೂ ಇಡೀ ದಿನ ಅಲ್ಲೇ ಕುಳಿತುಕೊಳ್ಳಿ. ನೆನಪಿರಲಿ, ಅದನ್ನು ಅವರ ಮೇಲಧಿಕಾರಿಯ ಮುಂದೆ ಕೇಳಬಾರದು.

ಬೆಂಗಳೂರಿನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ, ಸ್ವಲ್ಪ ಕಟುವಾಗಿ ಕೇಳಿಸಬಹುದು. ಅಲ್ಲಿ ಈ ಹುದ್ದೆಯಲ್ಲಿರುವ ಅನೇಕರು ತಮ್ಮ ತಂತ್ರಾಂಶವನ್ನು ಬಳಸುವವರನ್ನು ಒಮ್ಮೆಯೂ ಕಂಡಿರುವುದಿಲ್ಲ. ಬಳಸುವವರು ಅಮೆರಿಕದ ಆಸ್ಪತ್ರೆಯಲ್ಲೋ ವಿಮಾ ಕಂಪನಿಯಲ್ಲೋ ಇರುತ್ತಾರೆ; ಅವರ ಬೇಕುಬೇಡಗಳು ಮೂರು ಕೈ ದಾಟಿ ದಾಖಲೆಯಾಗಿ ರಾತ್ರಿಯ ಕರೆಯಲ್ಲಿ ಬರುತ್ತವೆ. ಓಹಾಯೋದಲ್ಲಿ ವಿಮೆಯ ಹಣ ಹೇಗೆ ಪಾವತಿಯಾಗುತ್ತದೆ ಎಂದು ನಿರರ್ಗಳವಾಗಿ ಹೇಳುವ ನಮ್ಮ ಹುಡುಗರಿಗೆ ತಮ್ಮದೇ ತಾಲ್ಲೂಕಿನಲ್ಲಿ ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನಿನ ಖಾತೆ ವಾರಸುದಾರರ ಹೆಸರಿಗೆ ಬದಲಾಗುವುದು, ಹೇಗಾಗುತ್ತದೆ ಎಂದು ಗೊತ್ತಿಲ್ಲ. ಅನ್ನದ ದಾರಿ ಅದು, ತಪ್ಪೆನ್ನಲಾರೆ. ಆದರೆ ನೋಡಿ ಕಲಿಯುವ ವಿದ್ಯೆಯನ್ನು ಕೇಳಿ ಕಲಿತರೆ ಎಷ್ಟು ಬರಬೇಕೋ ಅಷ್ಟೇ ಬರುತ್ತದೆ. ನಿಮ್ಮ ಕೊನೆಯ ವರ್ಷದ ಪ್ರಾಜೆಕ್ಟಿಗೆ ಗ್ರಂಥಾಲಯ ನಿರ್ವಹಣಾ ವ್ಯವಸ್ಥೆಯನ್ನು ಮತ್ತೊಮ್ಮೆ ಮಾಡುವ ಬದಲು ಈ ಊರಿನ ಎಪಿಎಂಸಿಗೋ ಹಾಲಿನ ಡೇರಿಗೋ ಹೋಗಿ ಬೆಳಗಿನ ಹೊತ್ತು ನಿಂತುಕೊಳ್ಳಿ.

ಉಪನ್ಯಾಸದ ಬಳಿಕ ಬಂದ ಪ್ರಶ್ನೆಗಳಲ್ಲಿ ಒಂದು ನಿರೀಕ್ಷಿಸಿದ್ದೇ ಆಗಿತ್ತು: ಕೃತಕ ಬುದ್ಧಿಮತ್ತೆಯೇ ಕೋಡ್ ಬರೆಯುವಾಗ ಅನಲಿಸ್ಟ್ ಏಕೆ ಬೇಕು? ಕೋಡ್ ಬರೆಯಲು ಅವನು ಎಂದೂ ಬೇಕಾಗಿರಲಿಲ್ಲ ಎಂದೆ. ಎಕರೆ ಗುಂಟೆಯ ಲೆಕ್ಕವನ್ನು ಆ ಯಂತ್ರ ಬಹುಶಃ ಈಗಾಗಲೇ ಸರಿಯಾಗಿ ಮಾಡುತ್ತದೆ. ‘ಮ’ ಎಂಬ ಪೆನ್ಸಿಲ್ ಗುರುತು ಯಾವ ಕಡತದಲ್ಲೂ ವಿವರಣೆಯಾಗಿ ದಾಖಲಾಗಿಲ್ಲ, ಆದ್ದರಿಂದ ಅದಕ್ಕೆ ಕಾಫಿ ಕುಡಿಯುತ್ತ ಕುಳಿತುಕೊಳ್ಳುವವರೊಬ್ಬರು ಬೇಕಾಗುತ್ತದೆ.

ಇನ್ನೊಂದು ಪ್ರಶ್ನೆಯನ್ನು ಒಬ್ಬ ವಿದ್ಯಾರ್ಥಿನಿ ಕೇಳಿದರು. ಅದು ನನ್ನ ಉಪನ್ಯಾಸಕ್ಕಿಂತ ಚೆನ್ನಾಗಿತ್ತು. ‘ಒಪ್ಪುವುದಿಲ್ಲ ಎಂಬ ಗುಂಡಿ ಇಟ್ಟರೆ ಎಲ್ಲರೂ ಅದನ್ನೇ ಒತ್ತುತ್ತಾರಲ್ಲ ಸರ್? ಆಗ ಕೆಲಸ ನಡೆಯುವುದು ಹೇಗೆ?’

ಎಲ್ಲರೂ ಒತ್ತುತ್ತಿದ್ದರೆ ಅದೇ ಒಂದು ವರದಿ, ಯಾವ ಪರೀಕ್ಷಕರೂ ಕೊಡಲಾರದಂಥದ್ದು. ಆದರೆ ಅವರ ಆತಂಕ ಸುಳ್ಳಲ್ಲ. ಗುಂಡಿಯನ್ನು ಇಡಲು ಪ್ರೋಗ್ರಾಮರಿಗೆ ಅರ್ಧ ದಿನ ಸಾಕು. ಅದನ್ನು ಒತ್ತಿದಾಗ ಆ ತಕರಾರು ಯಾರ ಮೇಜಿಗೆ ಹೋಗುತ್ತದೆ, ಅವರು ಎಷ್ಟು ದಿನದಲ್ಲಿ ಉತ್ತರ ಕೊಡಬೇಕು, ಕೊಡದಿದ್ದರೆ ಯಾರನ್ನು ಕೇಳಬೇಕು ಎಂದು ಕಚೇರಿಯಿಂದ ಬರೆಸಿಕೊಳ್ಳಲು ಆರು ತಿಂಗಳು ಬೇಕಾಗಬಹುದು. ನಮ್ಮ ರಾಜ್ಯದಲ್ಲೇ ಇದಕ್ಕೊಂದು ಮಾದರಿ ಇದೆ. 2011ರ ಸಕಾಲ ಕಾಯ್ದೆಯಲ್ಲಿ ಪ್ರತಿ ಸೇವೆಗೂ ಗೊತ್ತುಪಡಿಸಿದ ಅಧಿಕಾರಿ ಯಾರು, ಎಷ್ಟು ದಿನ, ತಡವಾದರೆ ಮೇಲ್ಮನವಿ ಯಾರಿಗೆ ಎಂದು ಪದನಾಮದ ಸಮೇತ ಪಟ್ಟಿ ಮಾಡಿದ್ದಾರೆ. ಅರ್ಜಿದಾರನಿಗೆ ಒಂದು ಸಂಖ್ಯೆ ಸಿಗುತ್ತದೆ, ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕಿದೆ. ಮೊತ್ತ ಚಿಕ್ಕದು, ಜಾರಿ ಎಲ್ಲ ಕಡೆ ಒಂದೇ ಸಮನಾಗಿಲ್ಲ. ಆದರೂ ಆ ಪಟ್ಟಿಯ ನಾಲ್ಕು ಕಾಲಂಗಳನ್ನು ನಿಮ್ಮ ದಾಖಲೆಗೆ ಹಾಗೆಯೇ ಎತ್ತಿಕೊಳ್ಳಿ: ಪದನಾಮ, ದಿನ, ಮೇಲ್ಮನವಿ, ತಪ್ಪಿದರೆ ಏನು. ಪದನಾಮದ ಕಾಲಂ ಖಾಲಿ ಇರುವ ಹಾಳೆಗೆ ಯಾರೇ ಹೇಳಿದರೂ ಸಹಿ ಹಾಕಬೇಡಿ ಎಂದು ಆಕೆಗೆ ಹೇಳಿದೆ. ‘ನಾನು ಟ್ರೇನಿ ಆಗಿದ್ದರೂ?’ ಎಂದು ಕೇಳಿದರು. ಟ್ರೇನಿಯ ಸಹಿಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ, ಆದ್ದರಿಂದ ಸಭೆಯ ನಡಾವಳಿಯಲ್ಲಿ ‘ಈ ಕಾಲಂ ಇನ್ನೂ ತುಂಬಿಲ್ಲ’ ಎಂಬ ಒಂದು ಸಾಲನ್ನು ಬರೆಸಿಡಿ, ಅಷ್ಟು ಟ್ರೇನಿಯ ಕೈಯಲ್ಲೂ ಆಗುತ್ತದೆ ಎಂದೆ.